ಬೀಗತಿ ಉಣ್ಣದ ಮನೆ

ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಇಟಲಿಯ ಟ್ಯೂರಿನ್ ಊರಿನ ರೈಲು ನಿಲ್ದಾಣದಲ್ಲಿ ನಾವು ನಾಲ್ವರಿದ್ದೆವು: ನನ್ನ ಮಗ, ಸೊಸೆ, ನಾನು ಮತ್ತು ಸೊಸೆಯ ತಾಯಿ, ಅಂದರೆ ನನ್ನ ಬೀಗತಿ. ಆಕೆ ಇಳಕಲ್ ಸೀರೆಯ ಮೇಲೆ ಅಳಿಯನ ಕೋಟು ತೊಟ್ಟು, ಅದರ ತೋಳುಗಳನ್ನು ಮೊಳಕೈವರೆಗೆ ಮಡಚಿಕೊಂಡಿದ್ದರು. ರೊಟ್ಟಿ ಬಡಿದು ಬಡಿದು ಅವರ ಬಲ ಅಂಗೈ ಎಡದಕ್ಕಿಂತ ಅಗಲವಾಗಿತ್ತು. ಆ ಕೈ ತೊಡೆಯ ಮೇಲಿನ ಬುತ್ತಿಗಂಟನ್ನು ಒತ್ತಿ ಹಿಡಿದಿತ್ತು.

ಮಗಳಿಗೆ ಮಕ್ಕಳಾಗುವ ತನಕ ಹೆತ್ತವರು ಅವಳ ಮನೆಯಲ್ಲಿ ಉಣ್ಣುವುದಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲ್ಲೂಕಿನ ಹಳೆಯ ಮನೆತನಗಳಲ್ಲಿ ಈ ರೂಢಿ ಇನ್ನೂ ಉಳಿದಿದೆ. ಎಷ್ಟೋ ಜನ ಚಹಾಕ್ಕೆ, ಅವಲಕ್ಕಿಗೆ ಸಡಿಲ ಬಿಟ್ಟಿದ್ದಾರೆ. ಬೀಗತಿ ಬಿಟ್ಟಿರಲಿಲ್ಲ. ತಮ್ಮ ಊರು ಸನಮಡಿಯಿಂದ ವಳಸಂಗದ ನಮ್ಮ ಮನೆಗೆ ಬಂದಾಗಲೂ ಕಟ್ಟೆಯ ಮೇಲೆ ಕುಳಿತು ತಮ್ಮ ಬುತ್ತಿಯನ್ನೇ ಬಿಚ್ಚುತ್ತಿದ್ದರು. ಮಗಳ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು.

"ನಮ್ಮ ಮನಿ ಅನ್ನದಾಗ ಹುಳಾ ಬಿದ್ದಾವೇನ್ರಿ?" ಎಂದು ನಾನು ಕೆಣಕುತ್ತಿದ್ದೆ.

"ನಿಮ್ಮ ಅನ್ನ ಚಲೋನ ಐತ್ರಿ ಬಾಯಾರ. ಮೊಮ್ಮಗನ ಮಾರಿ ನೋಡಿ ಒಮ್ಮೆಲೆ ಉಣ್ತೀನಿ. ಅವತ್ತ ನಿಮ್ಮ ಗಡಿಗಿ ಬರಿದ ಆಗತೈತಿ, ನೋಡಕೋತ ಇರ್ರಿ."

ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ನನ್ನನ್ನು ಊರೆಲ್ಲ ಬಾಯಾರು ಎನ್ನುತ್ತದೆ. ಹೇಳಿದ ಗಂಟೆಗೆ ಹೇಳಿದ ಕೆಲಸ ಮುಗಿಯಬೇಕು ಎನ್ನುವವಳು ನಾನು. ನಮ್ಮ ಬಂಧುಗಳಲ್ಲಿ ಈ ವಿಷಯದಲ್ಲಿ ನನಗೆ ಸರಿಸಾಟಿಯಾಗಿದ್ದವರು ಬೀಗತಿ ಒಬ್ಬರೇ. ನಸುಕಿನಲ್ಲೆದ್ದು ಸ್ನಾನ, ಲಿಂಗಪೂಜೆ, ಆಮೇಲೆ ಕೆಲಸ, ಆಮೇಲೆ ಮಾತು. ಮಗ ಟ್ಯೂರಿನ್ನಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿದ್ದಾನೆ. ಒಂದು ತಿಂಗಳಿಗೆಂದು ನಾವಿಬ್ಬರೂ ಅಲ್ಲಿಗೆ ಹೋದಾಗ ಬೀಗತಿ ದಿನಾ ನಮಗೆಲ್ಲ ಬಿಸಿ ರೊಟ್ಟಿ ಬಡಿದು ಕೊಡುತ್ತಿದ್ದರು. ತಾವು ಮಾತ್ರ ಕಿಟಕಿಯ ಬಳಿ ಹೋಗಿ, ಊರಿಂದ ತಂದ ಕಟಕ್ ರೊಟ್ಟಿಯನ್ನು ಶೇಂಗಾ ಹಿಂಡಿಯೊಡನೆ ಮುರಿದು ತಿನ್ನುತ್ತಿದ್ದರು. ಆಗ ಸೊಸೆ ಅತ್ತ ನೋಡುತ್ತಿರಲಿಲ್ಲ.

ಆಕೆ ನೋಡದಿರಲು ಕಾರಣ ನನಗೆ ಗೊತ್ತಿತ್ತು. ಮಕ್ಕಳಿಗಾಗಿ ಮಾಡಿಸಿದ ಚಿಕಿತ್ಸೆಗಳು ಫಲಿಸಿರಲಿಲ್ಲ. ಇನ್ನು ಸಾಕು ಎಂದು ವೈದ್ಯರು ಹೇಳಿದ್ದರು. ಗಂಡ ಹೆಂಡತಿ ಕೂಡಿ ನಿಲ್ಲಿಸಿಬಿಟ್ಟಿದ್ದರು. ತಾಯಿಗೆ ತಾನೇ ಹೇಳುತ್ತೇನೆಂದು ಸೊಸೆ ನನ್ನ ಬಾಯಿ ಕಟ್ಟಿದ್ದಳು. ಆ ಶನಿವಾರ ಬಂದರು ಪಟ್ಟಣ ಜಿನೋವಾಕ್ಕೆ ಎರಡು ದಿನ ಹೋಗಿ ಬರುವ ಯೋಜನೆಯೂ ಅವಳದೇ.

"ಅತ್ತೀ, ಅಲ್ಲಿ ಒಂದ ಮನಿ ಬಾಡಿಗಿಗೆ ಹಿಡದೇನಿ," ಎಂದು ಹೊರಡುವ ಹಿಂದಿನ ಸಂಜೆ ನನಗಷ್ಟೇ ಹೇಳಿದ್ದಳು. "ಅದು ನನ್ನ ಮನಿ ಅಲ್ಲಲಾ? ಅಲ್ಲರೆ ಅವ್ವ ನನ್ನ ಕೈಲೆ ಉಣ್ಣಬಹುದು."

ಜಿನೋವಾದಲ್ಲಿ ಸಮುದ್ರಕ್ಕಿಂತ ಮೊದಲು ಕಾಣುವುದು ಹಡಗು. ಓಣಿಯ ತುದಿಯಲ್ಲಿ ಬಿಳಿ ಗೋಡೆಯಂಥದೊಂದು ನಿಂತಿತ್ತು. ನೋಡುತ್ತಿದ್ದಂತೆ ಆ ಗೋಡೆ ಸರಿಯತೊಡಗಿತು. ಬೀಗತಿ ನನ್ನ ತೋಳು ಹಿಡಿದು, "ಬಾಯಾರ, ಗೌಡರ ವಾಡೇನ ಹೊಂಟೈತಲ್ರಿ," ಎಂದರು. ಆ ಓಣಿಯ ಅಂಗಡಿಯೊಂದರಲ್ಲಿ ಕಡಲೆಹಿಟ್ಟನ್ನು ಅಗಲ ತಾಮ್ರದ ತಟ್ಟೆಯಲ್ಲಿ ಬೇಯಿಸಿ, ತುಂಡು ಮಾಡಿ ಮಾರುತ್ತಿದ್ದರು. ಬೀಗತಿ ಅಂಗಡಿಯವನಿಂದ ಒಂದು ತುಂಡು ತೆಗೆದುಕೊಂಡು ನಿಂತಲ್ಲೇ ಬಾಯಿಗಿಟ್ಟರು.

"ಇದು ನಮ್ಮ ಜುಣಕದ ವಡಿನ. ಇವರಿಗೆ ಉಳ್ಳಾಗಡ್ಡಿ ಹಾಕೂದು ಯಾರೂ ಕಲಿಸಿಲ್ಲ."

"ಅತ್ತಿಯಾರ, ಇಲ್ಲೇ ಒಂದ ದುಕಾನ ಹಾಕ್ರಿ," ಎಂದ ನನ್ನ ಮಗ.

"ಹಾಕ್ತೀನಿ. ತಾಟ ತೊಳ್ಯಾಕ ನೀವ ಬರ್ತೀರೇನ ಅಳಿಯಾರ?"

ನಾವು ನಕ್ಕೆವು. ಯಾರೋ ಗುರುತಿಲ್ಲದವನ ಕೈಯಿಂದ ತಾಯಿ ಅಷ್ಟು ಸಲೀಸಾಗಿ ತಿನ್ನುವುದನ್ನು ಸೊಸೆ ನೋಡುತ್ತ ನಿಂತಿದ್ದಳು.

ಭಾನುವಾರ ಮಧ್ಯಾಹ್ನ ಅವಳು ಬಾಡಿಗೆ ಮನೆಯಲ್ಲಿ ಬದನೆಕಾಯಿ ಎಣಗಾಯಿ, ಅನ್ನ, ಸಾರು ಮಾಡಿದಳು. ನಾಲ್ಕು ತಾಟು ಹಾಕಿದಳು.

"ಅವ್ವಾ, ಬಾ. ಇದು ಯಾರದೋ ಮನಿ. ಇಲ್ಲಿ ಉಂಡ್ರ ನಿನ್ನ ನೇಮ ಮುರಿಯಂಗಿಲ್ಲ."

ಬೀಗತಿ ತಾಟು ನೋಡಿದರು, ಮಗಳನ್ನು ನೋಡಿದರು. "ಇದಕ್ಕಂತ ಇಷ್ಟ ದೂರ ಕರಕೊಂಡ ಬಂದಿ?"

"ಹೂಂ."

"ಯಾಕಷ್ಟ ಅವಸರ ತಂಗಿ? ಇನ್ನಷ್ಟ ದಿನ ತಡಿ."

"ತಡದ್ರೂ ಆಗಂಗಿಲ್ಲ ಅವ್ವಾ. ಡಾಕ್ಟರ್ ಸಾಕ ಅಂದಾರ. ನಾವೂ ಬಿಟ್ಟೇವಿ. ಕೂಸಿನ ಸಲುವಾಗಿ ನೀ ಕಾದ್ರ ನನ್ನ ಮನಿಯಾಗ ಎಂದೂ ಉಣ್ಣಂಗಿಲ್ಲ."

ಬೀಗತಿ ನನ್ನತ್ತ ತಿರುಗಿದರು. "ಬಾಯಾರ, ಖರೇನ್ರಿ?"

"ಖರೇ ಐತ್ರಿ," ಎಂದೆ.

ಆಕೆ ಕಿಟಕಿಯತ್ತ ಮುಖ ತಿರುಗಿಸಿದರು. ಕೆಳಗೆ ಬಂದರಿನಲ್ಲಿ ಯಾವುದೋ ಹಡಗಿಗೆ ಸರಕು ಏರಿಸುತ್ತಿದ್ದರು. ಅತ್ತಲೇ ನೋಡುತ್ತ ಹೇಳಿದರು: "ನಾ ಒಂದ ತುತ್ತ ಉಂಡ್ರ, ಇನ್ನ ಕೂಸು ಬರಂಗಿಲ್ಲ ಅಂತ ನಾನ ಒಪ್ಪಿದಂಗ ಆಗತಿತ್ತವ್ವಾ. ಅದಕ್ಕ ಬಿಗಿ ಹಿಡದಿದ್ದೆ."

"ನೀ ಉಣಲಾರದಾಗ ನನಗ ಹೆಂಗ ಆಗತಿತ್ತು? ಕೂಸಿಲ್ಲದ ಮನಿ ಮನಿನ ಅಲ್ಲ ಅಂದಂಗ."

ಬೀಗತಿ ಎದ್ದರು. ಕೈ ತೊಳೆಯಲು ಎದ್ದರೆಂದು ನಾವು ತಿಳಿದೆವು. ಆಕೆ ಪಾತ್ರೆಗಳಿಗೆ ಮುಚ್ಚಳ ಹಾಕಿ, ಒಂದೊಂದನ್ನೂ ಅರಿವೆಯಲ್ಲಿ ಬಿಗಿದು ಕಟ್ಟತೊಡಗಿದರು. ಸೊಸೆಯ ಮುಖ ಸಣ್ಣದಾಯಿತು.

"ಏಳ್ರಿ ಎಲ್ಲಾರೂ. ಇಲ್ಲಿ ಬ್ಯಾಡ. ಯಾರದೋ ಮನಿಯಾಗ ಕಳ್ಳರಂಗ ಯಾಕ ಉಣ್ಲಿ? ನನ್ನ ಮಗಳಿಗೆ ಮನಿ ಇಲ್ಲೇನ? ಅಲ್ಲೇ ಉಣ್ತೀನಿ. ಲಗೂನ ನಡೀರಿ."

ಮಗ ಸಂಜೆಯ ರೈಲನ್ನು ಬಿಟ್ಟು ಮೊದಲು ಸಿಕ್ಕ ರೈಲಿಗೆ ಟಿಕೆಟ್ ತೆಗೆಸಿದ. ಯಾರೂ ಉಂಡಿರಲಿಲ್ಲ. ಊಟದ ಹೊತ್ತು ತಪ್ಪಿದರೆ ಸಿಡುಕುವ ನಾನೂ ಅಂದು ಒಂದು ಗಂಟು ಹಿಡಿದುಕೊಂಡು ಹೊರಟೆ. ದಾರಿಯುದ್ದಕ್ಕೂ ಬೀಗತಿ ಉಳಿದ ಗಂಟುಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. ಸೆರಗಿನಿಂದ ಆಗಾಗ ಕಣ್ಣೊರೆಸಿಕೊಂಡರು.

ಕಳೆದ ವರ್ಷ ಆಕೆ ಸನಮಡಿಯಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಅವರ ನೇಮನಿಷ್ಠೆಯನ್ನು ಹೊಗಳಿದರು. ನನಗೆ ನೆನಪಾದದ್ದು ನೇಮ ಬಿಟ್ಟ ಆ ಭಾನುವಾರ. ಗಡಿಯಾರ ನೋಡಿಕೊಂಡೇ ಬದುಕಿದ ನನಗೆ ನೇಮ ಹಿಡಿಯುವುದು ಗೊತ್ತಿತ್ತು. ಬಿಡಬೇಕಾದಾಗ ನೆವ ಹುಡುಕದೆ, ಎಲ್ಲರೆದುರು ಹೇಗೆ ಬಿಡಬೇಕೆಂಬುದನ್ನು ಆಕೆಯಿಂದ ಕಲಿತೆ.

ಆ ಭಾನುವಾರ ನಾವು ಟ್ಯೂರಿನ್ ತಲುಪಿದಾಗ ಇನ್ನೂ ಬಿಸಿಲಿತ್ತು. ಬೀಗತಿ ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಅಡುಗೆಮನೆಯ ನೆಲದ ಮೇಲೆಯೇ ಕುಳಿತರು.

"ನೀಡು," ಎಂದರು.

ಸೊಸೆ ನೀಡಿದಳು. ಅವಸರದಲ್ಲಿ ಸಾರು ತಾಟಿನಾಚೆ ಚೆಲ್ಲಿತು. ಬೀಗತಿ ಮೊದಲ ತುತ್ತು ನಿಧಾನ ಅಗಿದು ನುಂಗಿದರು.

"ಎಣಗಾಯಿಗೆ ಉಪ್ಪ ಕಡಿಮಿ ಐತಿ."

"ಒಂಬತ್ತ ವರ್ಷಕ್ಕ ಒಮ್ಮೆ ಉಣ್ಣಾಕತ್ತಿ. ಅದರಾಗೂ ತಪ್ಪ ತಗೀತೀ?"

"ಮಗಳ ಮನಿ ಐತಿ. ತಪ್ಪ ತಗ್ಯಾಕ ಯಾರನ್ನ ಕೇಳ್ಲಿ? ಇನ್ನೊಂದೀಟ ಅನ್ನ ನೀಡು."

ನಾವೆಲ್ಲ ಉಂಡಾದ ಮೇಲೆ ತಮ್ಮ ತಾಟು ಎತ್ತಿಕೊಂಡು ಏಳಹೋದ ಬೀಗತಿಯನ್ನು ಸೊಸೆ ತಡೆದಳು. ನಾಲ್ಕೂ ತಾಟು ತಾನೇ ತೊಳೆದು, ಒರೆಸಿ, ಅವ್ವನ ತಾಟನ್ನೂ ಮನೆಯ ಉಳಿದ ತಾಟುಗಳ ನಡುವೆ ಜೋಡಿಸಿಟ್ಟು ಕಪಾಟಿನ ಬಾಗಿಲು ಹಾಕಿದಳು.