ಮಾವನ ಬಾಯಿಂದ ‘ಅಲ್ಲ’ ಬಂದ ದಿನ

ನನ್ನ ಮಾವ ಸೆರ್ವಾಂಡೊ ಗೆಲ್ವೋರಿಯಾ ಅವರಿಗೆ ‘ಅಲ್ಲ’ ಎನ್ನಲು ಬರುತ್ತಿರಲಿಲ್ಲ. ಎದುರಿಗಿದ್ದವರು ಎಂಥ ತಪ್ಪು ಹೇಳಿದರೂ ಮುಗುಳ್ನಕ್ಕು ತಲೆಯಾಡಿಸಿಬಿಡುವರು. ನಮ್ಮ ಇಲೊಯ್ಲೊ ಪೇಟೆಯ ಬಣ್ಣದಂಗಡಿಗೆ ಕೆಲಸಕ್ಕೆ ಸೇರಿದ ದಿನ ಅಂಗಡಿಯ ಯಜಮಾನರು “ಬಾ ಫೆರ್ನಾಂಡೊ, ಒಳಗೆ ಬಾ” ಎಂದು ಕರೆದರಂತೆ. ಇವರು ಒಳಗೆ ಹೋದರು. ಅವತ್ತಿನಿಂದ ನಿವೃತ್ತರಾಗುವವರೆಗೂ ಅಲ್ಲಿ ಇವರು ಫೆರ್ನಾಂಡೊ. ಬೀಳ್ಕೊಡುವಾಗ ಕೊಟ್ಟ ಗಡಿಯಾರದ ಹಿಂದೆಯೂ ಫೆರ್ನಾಂಡೊ ಎಂದೇ ಕೆತ್ತಿಸಿದ್ದರು. ಮಾವ ಅದನ್ನು ಸಂತೋಷದಿಂದ ಕಟ್ಟಿಕೊಂಡು ಓಡಾಡುತ್ತಿದ್ದರು.

ಗಿರಾಕಿಯೊಬ್ಬ ಹಸಿರು ಡಬ್ಬ ಎತ್ತಿಕೊಂಡು “ಈ ನೀಲಿ ಬಹಳ ಚೆನ್ನಾಗಿದೆ” ಎಂದರೆ, ಮಾವ “ಹೌದು, ಒಳ್ಳೆ ಬಣ್ಣ” ಎಂದು ಕಟ್ಟಿಕೊಟ್ಟುಬಿಡುತ್ತಿದ್ದರು. ನಮ್ಮ ಹಾರೊ ಬಡಾವಣೆಯಲ್ಲಿ ಹಾಗೆ ಹಸಿರು ಗೇಟು ಹಾಕಿಕೊಂಡ ಒಬ್ಬ ಮಹಾಶಯರಿದ್ದಾರೆ. ನೀಲಿ ಗೇಟು ಬಿಸಿಲಿಗೆ ಹಸಿರಾಯಿತು ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಮಾವನ ಮದುವೆಯಾದದ್ದೂ ಹೀಗೆಯೇ. ನನ್ನ ಅತ್ತೆ ಲಿಯೊನೀಸಾ ಆಗ ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದರು. ಮೂರು ಸಾಲು ಆಚೆಯ ತರಕಾರಿಯವರಿಗೂ ಕೇಳುವ ಗಂಟಲು. ಮಾವ ವಾರವಾರ ಮೀನು ಕೊಳ್ಳಲು ಹೋಗುತ್ತಿದ್ದರು. ಒಂದು ದಿನ ಅತ್ತೆ ತಕ್ಕಡಿ ಕೆಳಗಿಟ್ಟು, “ಏಯ್, ನೀನು ಮೀನಿಗೆ ಬರ್ತಿಲ್ಲ, ನನ್ನ ನೋಡೋಕೆ ಬರ್ತಿದೀಯ. ಹೌದೋ ಅಲ್ವೋ?” ಎಂದು ಕೇಳಿದರು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಮಾವ ತಲೆಯಾಡಿಸಿದರು. ಮಳೆಗಾಲ ಕಳೆಯುವುದರೊಳಗೆ ಮದುವೆ.

ಆ ಮದುವೆಗೆ ನಲವತ್ತು ವರ್ಷ ತುಂಬಿದಾಗ ನನ್ನ ಹೆಂಡತಿ ಮರಿವೆಲ್ ಹಟ ಹಿಡಿದಳು. “ಈ ಸಲ ಮನೆಯಲ್ಲಿ ಕೋಳಿ ಸುಟ್ಟು ಮುಗಿಸೋದು ಬೇಡ. ನದಿ ದಂಡೆಯ ಹೋಟೆಲಿಗೆ ಬಫೆಗೆ ಹೋಗೋಣ.” ಅತ್ತೆಗೆ ಮೊದಲಿನಿಂದಲೂ ಆ ಹೋಟೆಲಿನ ಏಡಿಗಳ ಮೇಲೆ ಕಣ್ಣಿತ್ತು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಒಲೆ ಹಚ್ಚಕೂಡದೆಂದು ಅಪ್ಪಣೆಯಾಯಿತು. ನನಗೆ ಒಂದು ಲೋಟ ಕಾಫಿ ಸಿಕ್ಕಿತು, ಅದೂ ಅರ್ಧ.

ಹೋಟೆಲಿನ ಬಾಗಿಲಲ್ಲೇ ಅತ್ತೆ ನಮ್ಮನ್ನು ತಡೆದು ನಿಲ್ಲಿಸಿ ಎಚ್ಚರಿಸಿದರು. “ಅನ್ನದ ಹತ್ತಿರ ಯಾರಾದ್ರೂ ಹೋದ್ರೆ ನೋಡಿ! ಅನ್ನ ಮನೆಯಲ್ಲೇ ಇದೆ. ವಾಂಡೊ, ನಿನಗೇ ಹೇಳ್ತಿರೋದು.”

ಮಾವ ತಲೆಯಾಡಿಸಿದರು.

ಒಳಗೆ ಹೋದಮೇಲೆ ಅತ್ತೆ ತಟ್ಟೆಯಿಲ್ಲದೆ ಒಂದು ಸುತ್ತು ಹಾಕಿ ಬಂದರು. ಆಮೇಲೆ ತಟ್ಟೆ ಹಿಡಿದು ನೇರ ಏಡಿಯ ಬಳಿ ಹೋದರು. ಮೇಜಿಗೆ ಮರಳಿ ಕೊರಳಿಗೆ ಬಟ್ಟೆ ಕಟ್ಟಿಕೊಂಡು ಕೂತವರು ಮತ್ತೆ ಏಳಲಿಲ್ಲ, ಬೇಕಾದಾಗ ನನ್ನನ್ನೇ ಕಳಿಸಿದರು. ಚಿಪ್ಪಿನ ರಾಶಿ ಬೆಳೆಯುತ್ತ ಹೋಗಿ ಅವರ ಹಳದಿ ಉಡುಪು ಕಾಣದಂತಾಯಿತು.

ಮಾವನ ಪಾಡು ಬೇರೆ. ಪ್ರತಿ ಪಾತ್ರೆಯ ಹಿಂದೆಯೂ ಒಬ್ಬ ಬಡಿಸುವವನು ನಿಂತಿದ್ದ. “ಅನ್ನ ಹಾಕ್ಲಾ ಸಾರ್?” ಎಂದರೆ ಹೇಗೆ ಬೇಡವೆನ್ನುವುದು? ಹಾಕಿಸಿಕೊಂಡರು. ಅದರ ಮೇಲೆ ಶಾವಿಗೆ, ಶಾವಿಗೆಯ ಮೇಲೆ ಹಂದಿಯ ಗರಿಗರಿ ಚರ್ಮ, ಪಕ್ಕದಲ್ಲಿ ಜಪಾನಿನವರ ಹಸಿ ಮೀನು, ಅದರ ಮೇಲೆ ಯಾರೋ ಸುರಿದ ಬಿಸಿ ಸಾರು. ಮೇಜಿಗೆ ತಂದಾಗ ಅದು ಏನೆಂದು ಯಾರಿಗೂ ತಿಳಿಯಲಿಲ್ಲ.

“ಅದೇನು ಅದು?” ಎಂದರು ಅತ್ತೆ.

“ಊಟ” ಎಂದರು ಮಾವ.

“ನಾಯಿಗೂ ಇಷ್ಟು ಕಲಸಿ ಹಾಕಲ್ಲ. ಹೋಗು, ಏನಾದ್ರೂ ಸಿಹಿ ತಗೊಂಬಾ.”

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹೋಟೆಲಿನಲ್ಲಿ ಮದುವೆಯ ದಿನ ಆಚರಿಸುವ ಜೋಡಿಗೆ ಕೆಲಸದವರು ಗಿಟಾರು, ಖಂಜಿರ ಹಿಡಿದು ಬಂದು ಹಾಡುತ್ತಾರೆ. ತಲೆಗೆ ಹೂವಿನ ಕಿರೀಟವಿಟ್ಟು ಕೇಕು ಕೊಡುತ್ತಾರೆ. ಮರಿವೆಲ್ ಒಳಗೆ ಬರುವಾಗಲೇ ಗುಟ್ಟಾಗಿ ಅವರ ಮುಖಂಡನಿಗೆ ಹೇಳಿಟ್ಟಿದ್ದಳು: “ಕೆನೆ ಬಣ್ಣದ ಕಸೂತಿ ಅಂಗಿ ನಮ್ಮಪ್ಪ, ಹಳದಿ ಉಡುಪು ನಮ್ಮಮ್ಮ. ಇಬ್ಬರೂ ಒಟ್ಟಿಗೆ ನಿಂತಾಗ ಹಿಡ್ಕೊಳ್ಳಿ. ಅಪ್ಪನಿಗೆ ನಾಚಿಕೆ ಜಾಸ್ತಿ, ಓಡಿಹೋಗ್ತಾರೆ, ಬಿಡಬೇಡಿ.”

ಸಿಹಿತಿಂಡಿಯ ಮೇಜಿನ ಬಳಿ ಇನ್ನೊಬ್ಬ ಹೆಂಗಸು ನಿಂತಿದ್ದರು. ಮಾವನ ವಯಸ್ಸೇ, ಬೆನ್ನು ನೆಟ್ಟಗೆ, ಕೊರಳಲ್ಲಿ ಸರಪಣಿಗೆ ನೇತುಹಾಕಿದ ಕನ್ನಡಕ. ಉಡುಪು ಹಳದಿ. ಅವರ ಹೆಸರು ಒಬ್ದೂಲಿಯಾ ಸರಾಬಿಯಾ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಮದುವೆಯಾದವರಲ್ಲ, ತಮ್ಮನ ಮಗನ ಸಂಸಾರದ ಜೊತೆ ಊಟಕ್ಕೆ ಬಂದಿದ್ದರು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು.

ಅವರಿಗೆ ಭುಜ ನೋವು. ಪಕ್ಕದಲ್ಲಿ ನಿಂತಿದ್ದ ಮಾವನ ಕೈಗೆ ತಟ್ಟೆ ಕೊಟ್ಟು, “ಸ್ವಲ್ಪ ಹಿಡ್ಕೊಳ್ಳಿ” ಎಂದರು. ಮಾವ ಹಿಡಿದುಕೊಂಡರು. “ಆ ಮೊಟ್ಟೆ ಹಲ್ವ ಒಂದು ತುಂಡು ಹಾಕಿ. ಅದಲ್ಲ, ದೊಡ್ಡದು.” ಮಾವ ದೊಡ್ಡದು ಹಾಕಿದರು. ಕೆನೆ ಬಣ್ಣದ ಅಂಗಿಯವನು ಎರಡು ತಟ್ಟೆ ಹೊತ್ತು ಹಳದಿ ಉಡುಪಿನವಳು ಹೇಳಿದ್ದನ್ನು ತಲೆತಗ್ಗಿಸಿ ಕೇಳುತ್ತಿದ್ದಾನೆ. ಇದಕ್ಕಿಂತ ಒಳ್ಳೆಯ ಗಂಡ ಹೆಂಡಿರು ಎಲ್ಲಿ ಸಿಗಬೇಕು! ಹಾಡುವವರು ನುಗ್ಗಿಯೇಬಿಟ್ಟರು.

ಟೀಚರ್ ಮೊದಲು “ಸ್ವಲ್ಪ ಕೇಳಿ ಇಲ್ಲಿ...” ಎಂದದ್ದೇನೋ ನಿಜ. ಆದರೆ ಖಂಜಿರದವನು ಅವರ ಕಿವಿಯ ಪಕ್ಕದಲ್ಲೇ ಇದ್ದ. ಅಷ್ಟರಲ್ಲಿ ತಲೆಯ ಮೇಲೆ ಹೂಕಿರೀಟ ಬಂದು ಕೂತಿತು. ಎದುರಿನ ಕನ್ನಡಿಯಲ್ಲಿ ಅವರು ಒಮ್ಮೆ ತಮ್ಮನ್ನು ನೋಡಿಕೊಂಡರು. ಕಿರೀಟವನ್ನು ತುಸು ಎಡಕ್ಕೆ ಸರಿಮಾಡಿಕೊಂಡರು.

ಮಾವನ ತಲೆಯ ಮೇಲೂ ಒಂದು ಕಿರೀಟ. ಎರಡೂ ಕೈಯಲ್ಲಿ ತಟ್ಟೆ ಇದ್ದುದರಿಂದ ತೆಗೆಯುವಂತಿರಲಿಲ್ಲ. ಕೈ ಖಾಲಿಯಿದ್ದರೂ ತೆಗೆಯುತ್ತಿರಲಿಲ್ಲವೆನ್ನಿ.

ಮರಿವೆಲ್ ಕುರ್ಚಿಯಿಂದ ಹಾರಿದಳು. “ಅಯ್ಯೋ ದೇವರೇ! ಯಾರದು ಅಪ್ಪನ ಪಕ್ಕದಲ್ಲಿ?”

ಅತ್ತೆ ಏಡಿಯ ರಸ ಸುರಿಯುತ್ತಿದ್ದ ಕೈಯಿಂದಲೇ ಮಗಳ ಮಣಿಕಟ್ಟು ಹಿಡಿದರು. “ಕೂತ್ಕೊ.”

“ಅಮ್ಮಾ, ಅವರು ತಪ್ಪು ತಿಳ್ಕೊಂಡಿದಾರೆ!”

“ನನಗೂ ಕಣ್ಣಿದೆ. ಅವನೇ ಹೇಳ್ಲಿ.”

“ಅಪ್ಪ ಹೇಳ್ತಾರಾ? ಯಾವತ್ತಾದ್ರೂ ಹೇಳಿದಾರಾ?”

“ಹೇಳದಿದ್ರೆ ಆ ಕನ್ನಡಕದಮ್ಮನ ಮನೆಗೇ ಹೋಗ್ಲಿ” ಎಂದ ಅತ್ತೆ ನನ್ನ ಕಡೆ ತಿರುಗಿ, “ನೀನು ಆ ದೊಡ್ಡ ಕಾಲು ಇತ್ತ ತಳ್ಳು” ಎಂದರು. ಅವರು ಕೇಳಿದ್ದು ಏಡಿಯ ಕಾಲನ್ನು.

ಹಾಡು ಮುಗಿಯಿತು. ಮುಖಂಡ ಮೈಕನ್ನು ಮಾವನ ಮುಂದೆ ಹಿಡಿದು, “ನಲವತ್ತು ವರ್ಷ! ಇಷ್ಟು ಕಾಲ ಜೊತೆಗಿರೋ ಗುಟ್ಟೇನು ಸಾರ್? ನಮಗೂ ಹೇಳಿ” ಎಂದ. ಮಾವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಎಷ್ಟೋ ವರ್ಷ ತರಗತಿಯ ಮುಂದೆ ನಿಂತ ಟೀಚರಿಗೆ ಆ ಮೌನ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ಮೈಕು ತೆಗೆದುಕೊಂಡರು.

“ಇವರ ಜೊತೆ ಇರೋದು ಬಹಳ ಸುಲಭ” ಎಂದರು. “ತಟ್ಟೆ ಹಿಡ್ಕೊಳ್ಳಿ ಅಂದೆ, ಹಿಡ್ಕೊಂಡ್ರು. ದೊಡ್ಡ ತುಂಡು ಹಾಕಿ ಅಂದೆ, ಹಾಕಿದ್ರು. ಇಲ್ಲೀತನಕ ನನಗೆ ಒಂದು ಎದುರುಮಾತು ಆಡಿಲ್ಲ. ನಮ್ಮಿಬ್ಬರ ಮಧ್ಯೆ ಒಂದೇ ಒಂದು ಜಗಳ ಆಗಿಲ್ಲ.”

ಒಂದಕ್ಷರ ಸುಳ್ಳಿರಲಿಲ್ಲ. ಸಭಾಂಗಣವೆಲ್ಲ ಚಪ್ಪಾಳೆ. ಪಕ್ಕದ ಮೇಜಿನ ಹೆಂಗಸು ತನ್ನ ಗಂಡನಿಗೆ, “ಕೇಳಿಸ್ಕೊಂಡ್ಯಾ? ಅವರನ್ನ ನೋಡಿ ಕಲಿ” ಎಂದು ಮೊಣಕೈಯಲ್ಲಿ ತಿವಿದಳು. ನಮ್ಮತ್ತೆ ನಕ್ಕು ನಕ್ಕು ಏಡಿಯ ಚೂರು ಗಂಟಲಿಗೆ ಸಿಕ್ಕಿ ನಾನು ಬೆನ್ನು ತಟ್ಟಬೇಕಾಯಿತು.

ಆಗ ಯಾರೋ ಒಬ್ಬರು ಚಮಚದಿಂದ ಗಾಜಿನ ಲೋಟ ಬಡಿದರು. ಟಿಣ್ ಟಿಣ್ ಟಿಣ್. ನಮ್ಮ ಕಡೆಯ ಮದುವೆಗಳಲ್ಲಿ ಹಾಗೆ ಲೋಟ ಬಡಿದರೆ ಗಂಡ ಹೆಂಡತಿ ಮುತ್ತು ಕೊಡಲೇಬೇಕು. ಒಂದು ಲೋಟ ನಾಲ್ಕಾಯಿತು, ಇಡೀ ಹೋಟೆಲೇ ಲೋಟ ಬಡಿಯತೊಡಗಿತು. “ಮುತ್ತು! ಮುತ್ತು!” ಟೀಚರ ಮುಖದ ನಗು ಮಾಯವಾಯಿತು. ಮಾವ ಅವರನ್ನು ನೋಡಿದರು, ತಟ್ಟೆ ನೋಡಿದರು, ದೂರದ ಚಿಪ್ಪಿನ ರಾಶಿಯನ್ನು ನೋಡಿದರು. ಹಣೆಯಿಂದ ಬೆವರಿಳಿದು ಹಲ್ವದ ಮೇಲೆ ಬಿತ್ತು.

“ಅಲ್ಲ” ಎಂದರು ಮಾವ.

ಟೀಚರ ಕೈಯಲ್ಲಿದ್ದ ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಲೋಟಗಳು ನಿಂತವು.

“ಇವರು ನನ್ನ ಹೆಂಡತಿ ಅಲ್ಲ. ನನ್ನ ಹೆಂಡತಿ ಅಲ್ಲಿದಾಳೆ, ಏಡಿ ತಿಂತಾ.”

ಜನ್ಮದಲ್ಲಿ ಮೊದಲ ಸಲ ತಪ್ಪು ತಿದ್ದಿದ್ದರು. ಪರಿಣಾಮ ಭಯಂಕರವಾಯಿತು. ಪಕ್ಕದ ಮೇಜಿನ ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, “ಹೆಂಡತಿ ಕಣ್ಣೆದುರಿಗೇ! ಅದೂ ಕಿರೀಟ ಹಾಕ್ಕೊಂಡು!” ಎಂದಳು. ಇನ್ನೊಬ್ಬಳು ಮಗಳ ಕಿವಿ ಮುಚ್ಚಿದಳು. ತಿವಿಸಿಕೊಂಡ ಗಂಡ, “ಈಗ ಹೇಳು, ಇವರನ್ನೇ ನೋಡಿ ಕಲೀಲಾ?” ಎಂದ. ಗಿಟಾರಿನವನು ದಿಕ್ಕು ತೋಚದೆ ಹುಟ್ಟುಹಬ್ಬದ ಹಾಡು ಶುರುಮಾಡಿದ.

ಅತ್ತೆ ಎದ್ದರು. ಕೊರಳಲ್ಲಿ ಬಟ್ಟೆ, ಕೈಯಲ್ಲಿ ಏಡಿ ಒಡೆಯುವ ಇಕ್ಕಳ. ಜನ ಕುರ್ಚಿ ಸರಿಸಿ ದಾರಿ ಬಿಟ್ಟರು. ಹಾಡುವವರು ಸಿಹಿತಿಂಡಿಯ ಮೇಜಿನ ಹಿಂದೆ ಸರಿದರು. ಅತ್ತೆ ಹೋಗಿ ಮೈಕು ಇಸಿದುಕೊಂಡರು. ಅವರಿಗೆ ಅದರ ಅಗತ್ಯವೇನೂ ಇರಲಿಲ್ಲ.

“ಇವನು ನನ್ನ ಗಂಡ. ಈಯಮ್ಮನ್ನ ನಾವು ಯಾರೂ ಇದಕ್ಕೆ ಮುಂಚೆ ನೋಡಿಲ್ಲ, ಪಾಪ, ಅವರದೇನೂ ತಪ್ಪಿಲ್ಲ. ನಲವತ್ತು ವರ್ಷದಲ್ಲಿ ಇವನು ‘ಅಲ್ಲ’ ಅಂದಿದ್ದು ಇವತ್ತೇ. ಚಪ್ಪಾಳೆ ತಟ್ಟಿ!”

ಜನ ತಟ್ಟಿದರು. ಮೊದಲಿಗಿಂತ ಜೋರಾಗಿ.

ಟೀಚರು ಕಿರೀಟ ತೆಗೆಯಲು ಹೋದರು. ಅತ್ತೆ ಬಿಡಲಿಲ್ಲ. “ಇರ್ಲಿ ಬಿಡಿ, ನಿಮಗೇ ಒಪ್ಪುತ್ತೆ. ನನಗೆ ಗಂಡ ವಾಪಸ್ ಬಂದ್ರೆ ಸಾಕು.”

“ತಗೊಳ್ಳಿ” ಎಂದರು ಟೀಚರು. “ಎಲ್ಲೂ ಮುಕ್ಕಾಗಿಲ್ಲ. ನೀವು ಚೆನ್ನಾಗಿ ಪಳಗಿಸಿದೀರಿ.”

ಅತ್ತೆ ಅವರನ್ನು ನಮ್ಮ ಮೇಜಿಗೇ ಕರೆತಂದರು. ಹುಡುಕಿಕೊಂಡು ಬಂದ ತಮ್ಮನ ಮಗ, ತನ್ನ ಸೋದರತ್ತೆ ಹೂಕಿರೀಟ ಧರಿಸಿ ಅಪರಿಚಿತರ ಜೊತೆ ಏಡಿ ಒಡೆಯುತ್ತಿರುವುದನ್ನು ಕಂಡು ಬಾಯಿ ತೆರೆದು ನಿಂತ. “ಇವತ್ತು ನನ್ನ ಮದುವೆ ದಿನ, ತೊಂದರೆ ಕೊಡಬೇಡ” ಎಂದರು ಟೀಚರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾವನಿಗೆ ಚಟ ಹತ್ತಿಬಿಟ್ಟಿತು. ಕೆಲಸದವನು “ಇನ್ನೊಂದು ತುಂಡು ಕೇಕು ಬೇಕಲ್ವಾ ಸಾರ್?” ಎಂದಾಗ “ಬೇಡ” ಎಂದರು. ಹಾಗೆಂದು ಸುತ್ತಲೂ ನೋಡಿದರು. ಯಾರಿಗೂ ಏನೂ ಆಗಿರಲಿಲ್ಲ. ಮಾರನೆಯ ದಿನ ಬಣ್ಣದಂಗಡಿಯ ಯಜಮಾನರಿಗೆ ಫೋನು ಮಾಡಿ “ನಾನು ಸೆರ್ವಾಂಡೊ” ಎಂದರು. ಆ ಮುದುಕರು “ಸೆರ್ವಾಂಡೊ ಅಂತ ನನಗೆ ಯಾರೂ ಗೊತ್ತಿಲ್ಲ” ಎಂದು ಫೋನಿಟ್ಟರು. ಹಸಿರು ಗೇಟಿನವರ ಮನೆಗೆ ಹೋಗಿ ಬಾಗಿಲು ತಟ್ಟಿ ನಿಜ ಹೇಳಿ ಬಂದರು. ಅವರು ಈಗ ಮಾತು ಬಿಟ್ಟಿದ್ದಾರೆ. ಜೀಪ್ನಿಯ ಚಾಲಕನಿಗೆ ದಾರಿ ತಿದ್ದಿದರು. ಮುಂದಿನ ಭಾನುವಾರ ಪಾದ್ರಿಗಳು ಊರಹಬ್ಬದ ತಾರೀಕು ತಪ್ಪಾಗಿ ಹೇಳಿದಾಗ ಇವರು ಬೆಂಚಿನಿಂದ ಅರ್ಧ ಎದ್ದಿದ್ದರು. ಅತ್ತೆ ಅಂಗಿಯ ತುದಿ ಹಿಡಿದು ಕೂರಿಸಿದರು.

ಅದೇ ದಿನ ಮಧ್ಯಾಹ್ನ ಅತ್ತೆ ಮನೆಯಲ್ಲಿ ಕ್ಯಾರಿಯೋಕೆ ಹಚ್ಚಿ ಮೈಕು ಹಿಡಿದು ಹಾಡುತ್ತಿದ್ದಾಗ ಮಾವ ಹೇಳಿಯೇಬಿಟ್ಟರು: “ಶ್ರುತಿ ತಪ್ತಿದೀಯ, ಲಿಯೊನೀಸಾ. ಯಾವಾಗ್ಲೂ ತಪ್ಪುತ್ತೆ.”

ಅತ್ತೆ ಮೈಕು ಕೆಳಗಿಟ್ಟು ಅಡುಗೆಮನೆಗೆ ಹೋದರು. ಸಂಜೆಯವರೆಗೂ ಪಾತ್ರೆಗಳ ಸದ್ದು ಮಾತ್ರ. ಮಾವ ಅಂಗಳದಲ್ಲಿ ಕೂತು ನನ್ನನ್ನು ಕೇಳಿದರು: “ಜಾಸ್ತಿ ಆಯ್ತಾ?”

“ಸ್ವಲ್ಪ” ಎಂದೆ.

ಊಟಕ್ಕೆ ಕೂತಾಗ ಅತ್ತೆ ಮೊಟ್ಟೆ ಹಾಕಿ ಹುರಿದ ಹಾಗಲಕಾಯಿಯನ್ನು ಮಾವನ ತಟ್ಟೆಗೆ ಎರಡು ಸೌಟು ಬಡಿಸಿದರು. ಅವರ ಮನೆಯಲ್ಲಿ ವಾರಕ್ಕೆರಡು ಬಾರಿ ಅದೇ ಪಲ್ಯ. ಮಾವ ಅದನ್ನು ನೋಡುತ್ತ ಕೂತರು.

“ಒಂದು ಮಾತು” ಎಂದರು ಮಾವ. “ನನಗೆ ಹಾಗಲಕಾಯಿ ಇಷ್ಟ ಇಲ್ಲ. ಯಾವತ್ತೂ ಇರ್ಲಿಲ್ಲ.”

ಅತ್ತೆ ತಲೆ ಎತ್ತಲಿಲ್ಲ. “ಗೊತ್ತು.”

“ಗೊತ್ತಾ? ಯಾವಾಗಿಂದ?”

“ಮೊದಲನೇ ದಿನದಿಂದ. ತಿನ್ನುವಾಗ ನಿನ್ನ ಎಡಗಣ್ಣು ಮುಚ್ಕೊಳ್ಳುತ್ತೆ. ಎಷ್ಟು ದಿನ ಸುಮ್ನಿರ್ತೀಯ ನೋಡೋಣ ಅಂತ ಮಾಡ್ತಾ ಹೋದೆ. ನೀನೂ ಹೇಳ್ಲಿಲ್ಲ, ನಾನೂ ಬಿಡ್ಲಿಲ್ಲ.”

ಮಾವ ಹೊಟ್ಟೆ ಕುಣಿಯುವಂತೆ ನಗತೊಡಗಿದರು. ಅತ್ತೆ ಮುಖ ಬಿಗಿಹಿಡಿದಿರಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ.

“ನಾಳೆಯಿಂದ ಮಾಡಲ್ಲ” ಎಂದರು ಕಣ್ಣೊರೆಸಿಕೊಳ್ಳುತ್ತ. “ಇವತ್ತಿನದು ತಿನ್ನು. ಮೊಟ್ಟೆ ಹಾಕಿದೀನಿ.”

ಮಾವ ಎಡಗಣ್ಣು ಮುಚ್ಚಿಕೊಂಡು ತಿಂದರು.