ಪಂಪ್ ನಿಲ್ಲಿಸಿದ ಪಾಠ

ಟೀಚರ ಬಲಗೈ ತೋರುಬೆರಳಿನ ತುದಿ ಸುಟ್ಟು ಕಪ್ಪಾಗಿತ್ತು. ಅಲ್ಲಿ ಉಗುರು ಕೂಡ ನೆಟ್ಟಗೆ ಬೆಳೆಯುತ್ತಿರಲಿಲ್ಲ. ಒಲೆಯಲ್ಲಿ ಸುಟ್ಟದ್ದಲ್ಲ, ಬಿಸಿಲಿನಲ್ಲಿ ಸುಟ್ಟದ್ದು. ಹಳೆಯ ಡಿಶ್ ಆಂಟೆನಾದ ತಟ್ಟೆಗೆ ಕನ್ನಡಿ ಚೂರು ಅಂಟಿಸಿ, ಶಾಲೆಯ ಅಂಗಳದಲ್ಲಿ ಮೊಟ್ಟೆ ಬೇಯಿಸಿ ತೋರಿಸಲು ಹೊರಟವರು, ಬಿಸಿಲು ಎಲ್ಲಿ ಒಟ್ಟಾಗುತ್ತದೆಂದು ಬೆರಳಿಟ್ಟು ನೋಡಿದ್ದರಂತೆ. "ಬೆರಳು ಬೆಂದಿತು, ಮೊಟ್ಟೆ ಬೇಯಲಿಲ್ಲ" ಎಂದು ತಾವೇ ಹೇಳಿ ನಗುತ್ತಿದ್ದರು.

ವಾಮದಪದವಿನ ಈಚೆಗಿರುವ ನಮ್ಮೂರ ಸರಕಾರಿ ಶಾಲೆಯಲ್ಲಿ ಅವರು ನನ್ನ ಮಗಳಿಗೆ ವಿಜ್ಞಾನ ಕಲಿಸಿದವರು. ದಿನಾ ಬೆಳುವಾಯಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಊರೆಲ್ಲ ತುಳು ಮಾತಾಡಿದರೂ, ಬಂದ ಹೊಸದರಲ್ಲಿ ಅವರು ಮಾತ್ರ ಶಾಲೆಯ ಕನ್ನಡ ಬಿಟ್ಟವರಲ್ಲ. ಮೀನಿನವನ ಹತ್ತಿರವೂ "ಈ ಬಂಗುಡೆಯು ತಾಜಾ ಇದೆಯೇ?" ಎಂದೇ ಕೇಳುವುದು. ಮೊದಲ ಸಲ ನೋಡಿದಾಗ, ಈ ಕಡ್ಡಿ ಹೆಂಗಸು ಪಾಠ ಮಾಡಿದ ಹಾಗೆಯೇ, ಎಂದುಕೊಂಡಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಊರಿಗೆಲ್ಲ ಗೊತ್ತುಂಟು.

ಅವರ ಪಾಠ ಬೆಂಚಿನಲ್ಲಿ ಕೂತು ಕೇಳುವಂಥದ್ದಲ್ಲ. "ಕರೆಂಟು ಎಲ್ಲಿಂದ ಬರ್ತದೆ?" ಎಂದು ಕೇಳಿದ್ದಕ್ಕೆ ಮಕ್ಕಳು "ಸ್ವಿಚ್ಚಿನಿಂದ" ಎಂದವಂತೆ. ಸರಿ, ಅಂದೇ ಎಲ್ಲರನ್ನೂ ಹೊರಡಿಸಿಕೊಂಡು ಹೊರಟರು. ಶಾಲೆಯ ತಂತಿಯ ಹಿಂದೆಯೇ ಕಂಬದಿಂದ ಕಂಬಕ್ಕೆ, ಗುಡ್ಡ ಹತ್ತಿ, ದೊಡ್ಡ ಲೈನು ಕಾಣುವವರೆಗೆ. ಅದರಾಚೆ ನೀರು ಬೀಳುವ ಜಾಗ, ಕಲ್ಲಿದ್ದಲು ಉರಿಯುವ ಜಾಗ ಎಲ್ಲ ಬಾಯಲ್ಲೇ ತೋರಿಸಿದರು. ನಮ್ಮ ಕಡೆ ಕೃಷಿ ಪಂಪಿಗೆ ಕರೆಂಟು ಪುಕ್ಕಟೆ. ಅದನ್ನು ಯಾವನೋ ಒಬ್ಬ ಹುಡುಗ ಹೇಳಿದಾಗ, "ಪುಕ್ಕಟೆ ಅಂತ ಇಲ್ಲ ಮಗಾ, ಬಿಲ್ಲು ಬೇರೆಯವರ ಮನೆಗೆ ಹೋಗ್ತದೆ ಅಷ್ಟೆ" ಎಂದರಂತೆ. ಆ ಮಾತು ನಮ್ಮ ಊರಿನಲ್ಲಿ ಈಗ ಗಾದೆಯಾಗಿದೆ.

ಮಕ್ಕಳನ್ನು ಹೆದರಿಸುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಟಿವಿಯಲ್ಲಿ ಭೂಮಿ ಬಿಸಿಯಾಗಿ ಸಮುದ್ರ ಉಕ್ಕುವುದನ್ನು ನೋಡಿ ನನ್ನ ಮಗಳು ಹೆದರಿ ಎರಡು ದಿನ ನಿದ್ದೆ ಮಾಡಿರಲಿಲ್ಲ. ಆಗ ಅವಳು ಆರನೇ ಕ್ಲಾಸು. ಟೀಚರಿಗೆ ಹೇಳಿದಳಂತೆ. ಅವರು, "ಹೆದರಿದವರ ಕೈ ನಡುಗ್ತದೆ, ಕೆಲಸ ಆಗುವುದಿಲ್ಲ. ನೀನು ಮನೆಗೆ ಹೋಗಿ, ಯಾರಿಗೂ ಬೇಡದೆ ಯಾವುದು ಓಡ್ತಾ ಉಂಟು ನೋಡು. ಜನ ಇಲ್ಲದಲ್ಲಿ ಓಡುವುದನ್ನು ನಿಲ್ಲಿಸು" ಎಂದರು.

ಆ ದಿನದಿಂದ ನಮ್ಮ ಮನೆಯಲ್ಲಿ ಬದುಕುವ ಹಾಗಿರಲಿಲ್ಲ. ನಾನು ಅಡುಗೆಮನೆಯಿಂದ ಹೊರಗೆ ಕಾಲಿಟ್ಟರೆ ಲೈಟು ಬಂದ್. ಮಸ್ಕತ್ತಿನಿಂದ ಗಂಡ ಫೋನು ಮಾಡುವ ಹೊತ್ತಿಗೆ ನೋಡಿದರೆ ಚಾರ್ಜರು ಕಿತ್ತಿಟ್ಟಿದ್ದಾಳೆ. ನಾನು ಬೈದರೆ ನನ್ನ ಮಾವ, ಅಂದರೆ ಅವಳ ಅಜ್ಜ, ಚಾವಡಿಯಲ್ಲಿ ಕೂತು ನಗುವುದು. "ಕರೆಂಟು ಇನ್ಸ್‌ಪೆಕ್ಟರು ಬಂದ್ರು, ಎಲ್ಲರೂ ಏಳಿ" ಎನ್ನುವುದು. ಮೊಮ್ಮಗಳೆಂದರೆ ಅವರಿಗೆ ಪ್ರಾಣ.

ನಮ್ಮ ಪಂಪಿಗೆ ಮಾವ ಆಟೋ ಸ್ವಿಚ್ಚು ಹಾಕಿಸಿದ್ದರು. ತೋಟಕ್ಕೆ ತ್ರೀಫೇಸ್ ಕರೆಂಟು ಬರುವುದು ಹಗಲೋ ರಾತ್ರಿಯೋ, ಅದರ ಮನಸ್ಸು. ಆಟೋ ಇದ್ದರೆ ಕರೆಂಟು ಬಂದ ಕೂಡಲೇ ಪಂಪು ತಾನೇ ಚಾಲೂ ಆಗುತ್ತದೆ, ಹೋದಾಗ ನಿಲ್ಲುತ್ತದೆ. ಯಾರೂ ಇಳಿದು ಹೋಗಬೇಕಾಗಿಲ್ಲ. ಬೇಕಾದಷ್ಟು ನೀರು ಕುಡಿದ ತೋಟ ಉಳಿದದ್ದನ್ನು ಕೆಳಗೆ ಹರಿಯುವ ತೋಡಿಗೆ ಬಿಡುತ್ತಿತ್ತು. ಅದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ, ಎಲ್ಲರ ತೋಟದಲ್ಲೂ ಹಾಗೆಯೇ.

ಮಾರ್ಚಿನಲ್ಲಿ ನಾದಿನಿಯ ಮಗಳ ಮದುವೆಗೆಂದು ನಾವೆಲ್ಲ ಬಂಟ್ವಾಳಕ್ಕೆ ಹೋದೆವು. ಹೊರಡುವ ಮುಂಚೆ ಮಗಳು ಮನೆಯ ಸ್ವಿಚ್ಚುಗಳನ್ನೆಲ್ಲ ನೋಡಿ, ತೋಟಕ್ಕೆ ಓಡಿ ಆಟೋವನ್ನೂ ಬಂದ್ ಮಾಡಿ ಬಂದಳು. ಮನೆಯಲ್ಲಿ ಜನ ಇಲ್ಲವಲ್ಲ! ಮದುವೆ, ಬೀಗರ ಊಟ ಎಂದು ವಾರ ಕಳೆಯಿತು. ಹಿಂದಿರುಗಿ ನೋಡಿದರೆ ಹಳೆಯ ಮರಗಳಿಗೇನೂ ಆಗಿರಲಿಲ್ಲ. ಆದರೆ ಆ ವರ್ಷ ಮಾವ ತಾವೇ ಆರಿಸಿ ತಂದು ನೆಟ್ಟಿದ್ದ ಅಡಿಕೆ ಸಸಿಗಳೆಲ್ಲ ಬಿಸಿಲಿಗೆ ಸುಟ್ಟು ಮಲಗಿದ್ದವು.

ಮಾವ ಆ ರೀತಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಯಾರು ಮುಟ್ಟಿದ್ದು?" ಎಂದರು. ಮಗಳು ಸುಳ್ಳು ಹೇಳಲಿಲ್ಲ. "ನಾನು. ಟೀಚರ್ ಹೇಳಿದ್ದು" ಎಂದಳು. "ನಾಳೆಯಿಂದ ಆ ಶಾಲೆಯ ಮೆಟ್ಟಿಲು ಹತ್ತುವುದು ಬೇಡ. ಉಜಿರೆಯಲ್ಲಿ ಹಾಸ್ಟೆಲಿಗೆ ಹಾಕು ಇವಳನ್ನು" ಎಂದು ನನ್ನತ್ತ ತಿರುಗಿದರು. ಅಜ್ಜ ಅವಳ ಮುಖ ನೋಡದೆ ಒಳಗೆ ಹೋದರು. ಹಾಸ್ಟೆಲು ಎಂದದ್ದಕ್ಕಿಂತ ಅವಳಿಗೆ ಅದೇ ಜಾಸ್ತಿ ನೋವಾಯಿತು. ಊಟ ಬಿಟ್ಟಳು. ಲೈಟು ಹಾಕಲಿಕ್ಕೂ ಆರಿಸಲಿಕ್ಕೂ ಸ್ವಿಚ್ಚಿಗೆ ಕೈ ಚಾಚುವುದನ್ನೇ ಬಿಟ್ಟಳು.

ಟೀಚರಿಗೆ ನಾನೇ ಫೋನು ಮಾಡಿ ನಾಲ್ಕು ಮಾತು ಆಡಿದೆ. ಅವರು ಎಲ್ಲ ಕೇಳಿ, "ಬರ್ತೇನೆ" ಎಂದರು. ಮರುದಿನ ಮಧ್ಯಾಹ್ನ ಸುಡುಬಿಸಿಲಿನಲ್ಲಿ ನಡೆದುಕೊಂಡೇ ಬಂದು ಅಂಗಳದಲ್ಲಿ ನಿಂತರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ತಪ್ಪು ಮಗುವಿನದಲ್ಲ, ನನ್ನದು" ಎಂದರು ಮಾವನಿಗೆ. "ನಿಲ್ಲಿಸುವುದನ್ನು ಕಲಿಸಿದೆ. ಯಾವುದನ್ನು ನಿಲ್ಲಿಸಬಾರದು ಅಂತ ಕಲಿಸಲಿಲ್ಲ. ನನಗೇ ಗೊತ್ತಿರಲಿಲ್ಲ."

ಮಾವ ಚಾವಡಿಯಿಂದ ಎದ್ದು ಬಂದರು. "ಗೊತ್ತಿಲ್ಲದ್ದನ್ನು ಯಾಕೆ ಹೇಳ್ಲಿಕ್ಕೆ ಹೋದದ್ದು?" ಎಂದರು.

"ಅದಕ್ಕೇ ಬಂದೆ. ಒಂದು ಸಸಿಗೆ ಎಷ್ಟು ನೀರು ಬೇಕು, ಮರಕ್ಕೆ ಎಷ್ಟು ಸಾಕು, ನಿಮಗೆ ಗೊತ್ತುಂಟು. ಮಕ್ಕಳನ್ನು ಕರ್ಕೊಂಡು ಬರ್ತೇನೆ, ನೀವು ಹೇಳಿಕೊಡ್ಬೇಕು. ಆಮೇಲೆ ಇವಳನ್ನು ಎಲ್ಲಿಗೆ ಬೇಕಾದ್ರೂ ಹಾಕಿ."

ಮಾವ ಅವರ ಬೆವರಿದ ಮುಖ ನೋಡಿದರು. ನನ್ನತ್ತ ತಿರುಗಿ, "ಚಾ ಮಾಡು, ಅವರು ಬಿಸಿಲಲ್ಲಿ ಬಂದದ್ದು" ಎಂದರು. ಅಬ್ಬ, ಎಂದುಕೊಂಡೆ.

ಮಕ್ಕಳು ಬಂದ ದಿನ ನೋಡಬೇಕಿತ್ತು ನಮ್ಮ ಮಾವನ ಗತ್ತು! ಇಸ್ತ್ರಿ ಮಾಡಿದ ಪಂಚೆ, ಹೆಗಲಿಗೆ ಶಾಲು. ಬುಡದ ಮಣ್ಣು ಹಿಡಿದು ಉಂಡೆ ಕಟ್ಟಿ ತೋರಿಸಿ, ಉಂಡೆ ನಿಂತರೆ ನೀರು ಸಾಕು ಎಂದರು. ಮೊದಲೆಲ್ಲ ಶಿವರಾತ್ರಿವರೆಗೆ ತೋಡು ಹರಿಯುತ್ತಿದ್ದದ್ದು, ಈಗ ಮಳೆ ಹೇಳದೆ ಕೇಳದೆ ಬಂದು ಹೋಗುವುದು, ಎಲ್ಲ ಹೇಳಿದರು. ಎಲ್ಲ ಮರಗಳ ಬುಡದಲ್ಲೂ ಉಂಡೆ ನಿಂತಿತು. ಆಗ ಒಬ್ಬಳು ಪುಟ್ಟ ಹುಡುಗಿ, "ನೀರು ಸಾಕಾದ್ರೆ ಮತ್ತೆ ಆಟೋ ಯಾಕೆ ಅಜ್ಜ?" ಎಂದಳು. ಮಾವ ತಲೆ ಕೆರೆದುಕೊಂಡು, "ಇಳಿದು ಬರ್ಲಿಕ್ಕೆ ಉದಾಸೀನ ಮಾರಾಯ್ತಿ" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಟೀಚರು ಮಾತ್ರ ನಗಲಿಲ್ಲ, ಒಣಗಿದ ಸಸಿಗಳ ಹತ್ತಿರ ಒಬ್ಬರೇ ನಿಂತಿದ್ದರು.

ಮಗಳು ಆ ಶಾಲೆಯಲ್ಲೇ ಉಳಿದಳು. ಮಾವ ಆಟೋ ತೆಗೆಸಿದರು, ಕರೆಂಟು ಬಂದಾಗ ಗೊಣಗಿಕೊಂಡು ತೋಟಕ್ಕೆ ಇಳಿಯುತ್ತಿದ್ದರು. ಹೊಸ ಸಸಿ ನೆಟ್ಟರು. ಟೀಚರು ವರ್ಷಕ್ಕೊಮ್ಮೆ ಮಕ್ಕಳ ಹೊಸ ತಂಡದೊಂದಿಗೆ ಬರುವರು. ಬಂದವರು ಮೊದಲು, "ಸಸಿಗಳು ಹೇಗುಂಟು?" ಎಂದು ಕೇಳುವರು.

ಕಳೆದ ಆಟಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಧೋ ಎಂದು ಮಳೆ ಹೊಯ್ಯುವಾಗ, ಅವರು ತೀರಿಕೊಂಡ ಸುದ್ದಿ ಬಂತು. ಕಾಯಿಲೆ ಇದ್ದದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ನೆಂಟರಲ್ಲದವರ ಸಾವಿನ ಮನೆಗೆ ಹೋಗದ ಮಾವ ಅಂದು ಎಲ್ಲರಿಗಿಂತ ಮೊದಲು ರಿಕ್ಷಾ ಹತ್ತಿ ಕೂತರು. ಮೂಡಬಿದ್ರೆಯಲ್ಲಿ ಕಾಲೇಜಿನಿಂದ ಮಗಳನ್ನು ಹತ್ತಿಸಿಕೊಂಡು ಬೆಳುವಾಯಿಗೆ ಹೋದೆವು. ಮಗಳು ಅಳಲಿಲ್ಲ, ಟೀಚರ ಕಾಲು ಮುಟ್ಟಿ ಸುಮ್ಮನೆ ನಿಂತಳು. ನನ್ನ ಮಗಳು ಇವತ್ತು ಯಾವುದನ್ನಾದರೂ ಧೈರ್ಯದಿಂದ ಮುಟ್ಟುತ್ತಾಳೆಂದರೆ, ಅಂದು ಅವಳ ತಪ್ಪನ್ನು ತನ್ನ ತಲೆಗೆ ಎಳೆದುಕೊಂಡ ಈ ಹೆಂಗಸಿನಿಂದ. ಆ ಋಣ ನಾನು ತೀರಿಸುವಂಥದ್ದಲ್ಲ.

ಹಿಂದಿರುಗುವಾಗ ರಿಕ್ಷಾದಲ್ಲಿ ಮಾವ, "ನಾನು ಅವರಿಗೆ ಹೇಳಲೇ ಇಲ್ಲ" ಎಂದರು.

"ಏನು ಅಜ್ಜ?"

"ತಪ್ಪು ನಿಮ್ಮದಲ್ಲ ಅಂತ. ಪ್ರತಿ ವರ್ಷ ಬಂದು ಸಸಿ ನೋಡಿ ಹೋದ್ರು. ಒಂದು ಮಾತು ಹೇಳಬಹುದಿತ್ತು."

ಮಗಳು ಹೊರಗೆ ಮಳೆ ನೋಡುತ್ತ, "ನನಗೂ ಹೇಳಲಿಲ್ಲ ಅಜ್ಜ ನೀವು" ಎಂದಳು.

ಮಾವ ಅವಳತ್ತ ತಿರುಗಿದರು. ತಲೆಯ ಮೇಲೆ ಕೈ ಇಟ್ಟು, "ನಿನ್ನದೂ ಅಲ್ಲ ಮಗಾ" ಎಂದರು. ಟೀಚರ ಮನೆಯಲ್ಲಿ ಗಟ್ಟಿಯಾಗಿ ನಿಂತಿದ್ದ ಹುಡುಗಿ ಆಗ ಅತ್ತಳು.