ಕಡೆಯ ನುಡಿಯ ಹೆಸರು

ಇರಕಲ್ಲಗಡದ ಜುಬೇದಾಬೀ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹದಿನಾರಕ್ಕೆ ಹುಲಿಹೈದರದಿಂದ ಸೊಸೆಯಾಗಿ ಬಂದಾಗ ಅತ್ತೆ ಕಿವಿಯಲ್ಲಿ ಹಾಕಿದ ಮೊದಲ ಮಾತೇ ಅದು: ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ. ರೇಷನ್ ಕಾರ್ಡು ಮಾಡಿಸುವಾಗಲೂ ಪಕ್ಕದ ಮನೆಯ ಮಾರೆವ್ವನನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಮಾರೆವ್ವ ಹೇಳಿದಳು, ಕಚೇರಿಯವರು ಬರೆದುಕೊಂಡರು: ಹೊನ್ನೂರಸಾಬ.

ಹೊನ್ನೂರಸಾಬ ಟೇಲರ್. ಬಟ್ಟೆ ಹೊಲಿಯುತ್ತಲೇ ಮೊಹರಂ ಪದ ಕಟ್ಟುತ್ತಿದ್ದ. ಕಾಲು ಮಷಿನ್ ತುಳಿಯುತ್ತಿದ್ದರೆ ಬಾಯಿ ಕರ್ಬಲಾದ ಕಥೆ ಹೇಳುತ್ತಿತ್ತು. ಬರೆದಿಡಲು ಅವನಿಗೂ ಬರುತ್ತಿರಲಿಲ್ಲ, ಅವಳಿಗೂ ಬರುತ್ತಿರಲಿಲ್ಲ. ಗುಂಡಿ ಹಚ್ಚುತ್ತ ಎದುರಿಗೆ ಕುಳಿತ ಜುಬೇದಾಬೀಯ ತಲೆಯೊಳಗೇ ಇಪ್ಪತ್ತೆರಡು ಪದಗಳು ಕೂತುಬಿಟ್ಟವು. ನಮ್ಮ ಕಡೆ ಪದದ ಕೊನೆಯ ನುಡಿಯಲ್ಲಿ ಊರಿನ ಹೆಸರು, ಕಟ್ಟಿದವನ ಹೆಸರು ಬರಬೇಕು. ಹೊನ್ನೂರಸಾಬನ ಪದಗಳೆಲ್ಲ ಒಂದೇ ನುಡಿಯಿಂದ ಮುಗಿಯುತ್ತಿದ್ದವು:

ಅರಿವಿ ಹೊಲಿಯುವ ಕೈಲಿ
ಅಳುವ ಪದವ ಹೊಲಿದಾನ
ಇರಕಲ್ಲಗಡದ ನಮ್ಮ ಹೊನ್ನೂರಸಾಬ

ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಮಷಿನ್ ಮೇಲೆ ತಲೆಯಿಟ್ಟವನು ಏಳಲಿಲ್ಲ. ಮಕ್ಕಳಿಲ್ಲ. ಮಣ್ಣಿನ ಗೋರಿ, ಎರಡು ಮಳೆಗಾಲಕ್ಕೆ ನೆಲಸಮವಾಯಿತು. ಹೊನ್ನೂರಸಾಬ ಎಂಬ ಮನುಷ್ಯ ಇದ್ದ ಎನ್ನಲಿಕ್ಕೆ ಉಳಿದದ್ದು ಆ ಮೂರು ಸಾಲು. ಅದರಲ್ಲೂ ಎರಡೂವರೆ ಸಾಲು ಮಾತ್ರ ಜುಬೇದಾಬೀಯ ನಾಲಿಗೆಗೆ ಬರುವಂಥದ್ದು.

ಮಷಿನ್ ಈಗ ಜುಬೇದಾಬೀಯೇ ತುಳಿಯುತ್ತಿದ್ದಳು. ಅದರ ಮರುವರ್ಷ ಮೊಹರಮ್ಮಿಗೆ ಹದಿನೈದು ದಿನ ಇರುವಾಗ ಎಂಟನೇ ಇಯತ್ತೆಯ ನಾಲ್ವರು ಹುಡುಗರು ಬಾಗಿಲಿಗೆ ಬಂದರು. ಗವಿಸಿದ್ದೇಶ, ಹುಲಿಗೇಶ, ಯಂಕೇಶ, ಆಂಜನೇಯ. ಮೊಹರಮ್ಮಿನ ಅಲಾಯಿ ದೇವರ ಮುಂದೆ ಹಾಡಿ ಹೆಜ್ಜೆ ಹಾಕುವ ಮೇಳ ಕಟ್ಟುತ್ತೇವೆ, ಒಂದೇ ನಮೂನೆಯ ಅಂಗಿ ಬೇಕು ಎಂದರು.

"ಅಂಗಿ ಹೊಲೀತೀನಿ. ಹಾಡೋದು ಏನು ಹಾಡ್ತೀರಿ?"

"ಮೊಬೈಲ್ದಾಗ ಕೇಳಿ ಕಲೀತೀವಿ ಚಾಚಿ."

"ಊರ ಪದ ಮನ್ಯಾಗ ಕೊಳೀತಾವ, ಇವರು ಮೊಬೈಲ್ ಹುಡುಕ್ಯಾರ! ಕುಂದರ್ರಿ ಇಲ್ಲಿ."

ಒಂದೇ ತಾನಿನ ನೀಲಿ ಬಟ್ಟೆಯಲ್ಲಿ ನಾಲ್ಕು ಅಂಗಿ ಕತ್ತರಿಸಿದಳು. ಬೆಳೆಯುವ ಹುಡುಗರು ಎಂದು ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಳು. ಹೊಲಿಯುತ್ತ ಹೇಳಿಕೊಟ್ಟಳು. ಕಡೆಯ ನುಡಿಗೆ ಬಂದಾಗ, "ಇರಕಲ್ಲಗಡದ ನಮ್ಮ..." ಎಂದು ನಿಂತಳು.

"ಯಾಕ ನಿಂತಿ ಚಾಚಿ? ಮರ್ತ್ಯೇನು?" ಗವಿಸಿದ್ದೇಶ ಕೇಳಿದ.

"ಮರ್ತಿಲ್ಲೋ. ಅದು ನೀವು ಹೇಳೋದು."

"ಲೇ ಹುಚ್ಚಪ್ಪಾ, ಅದು ಚಾಚಾನ ಹೆಸರು. ಚಾಚಿ ಹೆಂಗ ಹೇಳ್ತಾಳ?" ಎಂದು ಆಂಜನೇಯ ಅವನ ತಲೆಗೆ ಮೊಟಕಿದ. ನಾಲ್ವರೂ ನಕ್ಕು, ಗಂಟಲು ಹರಿಯುವಂತೆ ಕೂಗಿದರು: ಹೊನ್ನೂರಸಾಬ!

ಜುಬೇದಾಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕೂಗು ಸರಿಯಾಗಿಯೇ ಬಂದಿತ್ತು. ಆದರೂ, "ಕಡೀದು ಕೂಡಲಿಲ್ಲ, ಇನ್ನೊಮ್ಮೆ ಹೇಳ್ರಿ" ಎಂದಳು. ದಿನಾ ಹಾಗೇ. ಉಳಿದ ನುಡಿ ಒಂದೇ ಸಲಕ್ಕೆ ಕೂಡುತ್ತಿದ್ದವು, ಕಡೆಯದು ಮಾತ್ರ ಮೂರು ಸಲ ಹೇಳಿಸದೆ ಕೂಡುತ್ತಿರಲಿಲ್ಲ.

ಆ ವರ್ಷ ಊರು ಕಿವಿಯಾಗಿ ಕೇಳಿತು. ಗವಿಸಿದ್ದೇಶ ಸೊಲ್ಲು ಎತ್ತಬೇಕು, ಉಳಿದ ಮೂವರು ಹಿಡಿಯಬೇಕು. ಗೆಜ್ಜೆಕಾಲು ನಾಲ್ಕು ಜೋಡಿ ಒಂದೇ ಸಲ ನೆಲಕ್ಕೆ ಬೀಳುತ್ತಿದ್ದವು. ಯಾರೋ ಮೊಬೈಲಿನಲ್ಲಿ ಹಿಡಿದು ಬಿಟ್ಟರು. ತಿಂಗಳೊಳಗೆ ಎಲ್ಲರ ಫೋನಿನಲ್ಲೂ 'ಇರಕಲ್ಲಗಡ ಹುಡುಗರು'. ಯಲಬುರ್ಗಾದಿಂದ ಕರೆ ಬಂತು, ಗಂಗಾವತಿಯಿಂದ ಬಂತು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗಿಯರು ನಿಲ್ಲಿಸಿ ಸೆಲ್ಫಿ ತೆಗೆಸಿಕೊಂಡರಂತೆ. "ಯಂಕೇಶ ಕಣ್ಣ ಮುಚ್ಚ್ಯಾನ ನೋಡ ಚಾಚಿ, ನಾಚಿಕಿಗೆ!" ಎಂದು ಹುಲಿಗೇಶ ತೋರಿಸಿದ. ಪ್ರತಿ ವರ್ಷ ಅವಳು ಅಂಗಿಗಳ ಅಂಚು ಬಿಚ್ಚಿ ಒಂದೊಂದು ಬೆರಳು ಉದ್ದ ಮಾಡಿ ಕೊಡುತ್ತಿದ್ದಳು. ಯಾವುದೋ ಊರಿನ ಜನ ಗಂಡನ ಹೆಸರು ಕೇಳುತ್ತಿದ್ದಾರೆ ಎಂದುಕೊಂಡರೆ ರೊಟ್ಟಿ ತಟ್ಟುವ ಕೈಯೂ ಹಗುರಾಗುತ್ತಿತ್ತು.

ಮೂರನೇ ವರ್ಷ ಒಂದು ಸ್ಟುಡಿಯೋದವರು ಪದಗಳನ್ನು ರೆಕಾರ್ಡ್ ಮಾಡಿಸಿದರು. ಹುಡುಗರು ಓಡಿಬಂದು ಕೇಳಿಸಿದರು. ಮ್ಯೂಸಿಕ್ ಏನು, ಡ್ರಮ್ಮು ಏನು! ಜುಬೇದಾಬೀ ಕಡೆಯ ನುಡಿಗಾಗಿ ಕಾದಳು. ಮೂರನೇ ನುಡಿಗೆ ಪದ ನಿಂತುಹೋಯಿತು.

"ಮುಂದಿಂದು?"

ಗವಿಸಿದ್ದೇಶ ಫೋನು ಒರೆಸಿಕೊಂಡ. "ಉದ್ದ ಆತಂತ ಚಾಚಿ. ಜನ ಅಷ್ಟೊತ್ತು ಕೇಳಂಗಿಲ್ಲಂತ. ದೇವರ ಮುಂದ ಹಾಡುವಾಗ ಪೂರಾ ಹಾಡ್ತೀವಿ ಬಿಡು."

ಆಕೆ ಬಿಟ್ಟಳು. ಬಿಟ್ಟದ್ದೇ ತಪ್ಪಾಯಿತು ಎಂದು ಮುಂದೆ ಮಾರೆವ್ವನ ಮುಂದೆ ಎಷ್ಟು ಸಲ ಹೇಳಿದಳೋ. ಆದರೆ ಅದಕ್ಕಿಂತ ದೊಡ್ಡದೆಂದು ಅವಳು ಎಣಿಸಿಕೊಂಡ ತಪ್ಪು ಬೇರೆ. ಮರುವರ್ಷ ಗವಿಸಿದ್ದೇಶ ಒಬ್ಬನೇ ಬಂದ. ಕೈಯಲ್ಲಿ ಮಿಂಚುವ ಹಳದಿ ಬಟ್ಟೆ.

"ನನಗಷ್ಟ ಇದರಾಗ ಹೊಲಿ ಚಾಚಿ. ಮುಂದ ನಿಲ್ಲೋನು ಬ್ಯಾರೆ ಕಾಣಬೇಕಂತ."

"ಉಳಿದವರು ಏನಂತಾರ?"

"ಅವರಿಗೆ ಏನು? ನೀಲಿ ಐತೆಲ್ಲ."

ಬೇಡ ಎನ್ನಬೇಕಿತ್ತು. ಮಗನಂಥ ಹುಡುಗ, ಆಸೆಪಟ್ಟು ತಂದಿದ್ದಾನೆ ಎಂದು ಕತ್ತರಿ ಹಾಕಿದಳು. ಕುಷ್ಟಗಿಯ ಕಾರ್ಯಕ್ರಮದಲ್ಲಿ ಹಳದಿ ಅಂಗಿ ಮುಂದೆ ಬಂತು, ನೀಲಿ ಅಂಗಿ ಮೂರು ಹಿಂದೆ ಉಳಿದವು. ನಡುವೆಯೇ ಹುಲಿಗೇಶ ಗೆಜ್ಜೆ ಬಿಚ್ಚಿ ವೇದಿಕೆ ಇಳಿದ. "ನಾವೇನು ಇವನ ಮದಿವಿಗೆ ಬಂದೀವೇನು ಬೀಗರು, ಹಿಂದ ನಿಂತು ಅಕ್ಕಿಕಾಳು ಹಾಕಾಕ?" ಎಂದನಂತೆ. ಹೋದವರು ಒಂದೇ ಗಾಡಿಯಲ್ಲಿ ಹೋಗಿದ್ದರು, ಬಂದದ್ದು ನಾಲ್ಕು ಬಸ್ಸಿನಲ್ಲಿ.

ಆಮೇಲೆ ಗವಿಸಿದ್ದೇಶ ತನ್ನದೇ ಚಾನೆಲ್ ಮಾಡಿದ, ಹುಲಿಗೇಶ ತನ್ನದು ಮಾಡಿದ. ಇಬ್ಬರೂ ಅವೇ ಪದಗಳನ್ನು ಹಾಡಿದರು. ಒಂದು ದಿನ ಮಾರೆವ್ವ ಮೊಮ್ಮಗಳ ಫೋನು ಹಿಡಿದು ಬಂದಳು. "ಕಡೀ ನುಡಿ ಹಾಡ್ಯಾನವ್ವ ಗವಿಸಿದ್ದ, ಕೇಳ ಬಾ." ಜುಬೇದಾಬೀ ಹಿಟ್ಟಿನ ಕೈಯಲ್ಲೇ ಬಂದು ಕುಳಿತಳು. ಅರಿವಿ ಹೊಲಿಯುವ ಕೈಲಿ ಬಂತು, ಅಳುವ ಪದ ಬಂತು. ಇರಕಲ್ಲಗಡದ ನಮ್ಮ... ಗವಿಸಿದ್ದೇಶ, ಎಂದು ಮುಗಿಯಿತು. ಹುಲಿಗೇಶನದು ಹಚ್ಚಿದರೆ ಅಲ್ಲಿ ಹುಲಿಗೇಶ.

ಅವಳು ಗವಿಸಿದ್ದೇಶನ ಮನೆಗೆ ಹೋದಳು. ಅವನು ಹೊಸ ಗಾಡಿ ತೊಳೆಯುತ್ತಿದ್ದ.

"ಕಡೀ ನುಡ್ಯಾಗ ಅವರನ್ನ ತಗದ್ಯಲ್ಲೋ ಗವಿಯಾ."

"ಯಾರನ್ನ ಚಾಚಿ?"

ಕೇಳಬಾರದ ಪ್ರಶ್ನೆ ಅದು. ಅವನಿಗೆ ಗೊತ್ತಿತ್ತು. ಅವಳು ಬಾಯಿ ತೆರೆದಳು, ಮುಚ್ಚಿದಳು.

"ಹಾಡೋನ ಹೆಸರು ಇರಬೇಕಂತ ಜನ ಕೇಳ್ತಾರ," ಎಂದ ಅವನು ಗಾಲಿಗೆ ನೀರು ಹಾಕುತ್ತ. "ಚಾಚಾ ಯಾರಂತ ಗಂಗಾವತ್ಯಾಗ ಯಾರಿಗೆ ಗೊತ್ತೈತಿ ಹೇಳು."

"ಗೊತ್ತಾಗ್ಲಿ ಅಂತನ ಕಲಿಸಿದ್ನಲ್ಲೋ," ಎಂದು ಅವಳು ಹಿಂತಿರುಗಿದಳು. ಅವನು ಪೈಪು ಕೈಯಲ್ಲಿ ಹಿಡಿದು ನಿಂತೇ ಇದ್ದ, ನೀರು ರಸ್ತೆಗೆ ಹರಿಯುತ್ತಿತ್ತು.

ಅದಾಗಿ ಎರಡು ವರ್ಷ. ಯಂಕೇಶ ಹಾಡು ಬಿಟ್ಟು ಫ್ಯಾಕ್ಟರಿ ಸೇರಿದ್ದಾನೆ. ಆಂಜನೇಯನಿಗೆ ಪದಗಳೆಲ್ಲ ಬರುತ್ತವೆ, ಆದರೆ ಹಿಂದೆ ಹಿಡಿದೇ ರೂಢಿ. ಮುಂದೆ ಎತ್ತುವವರಿಲ್ಲದೆ ಅವನ ಗಂಟಲು ಏಳುವುದಿಲ್ಲ. ಈ ಸಲದ ಮೊಹರಮ್ಮಿಗೆ ಊರಿನಲ್ಲಿ ಮೇಳವೇ ಇರಲಿಲ್ಲ. ದೇವರು ಹೊಳೆಗೆ ಹೋಗುವ ದಿನ ಮಧ್ಯಾಹ್ನ, ಪದವಿಲ್ಲದೆ ಕಳಿಸಬಾರದೆಂದು ಸ್ಪೀಕರ್ ತಂದು ಹುಡುಗರ ಹಳೆಯ ರೆಕಾರ್ಡ್ ಹಚ್ಚಿದರು. ಆಂಜನೇಯ ಸ್ಪೀಕರ್ ಪಕ್ಕ ಕೈಕಟ್ಟಿ ನಿಂತಿದ್ದ. ಮೈಮೇಲೆ ಅದೇ ನೀಲಿ ಅಂಗಿ. ಅಂಚಿನಲ್ಲಿ ಬಿಚ್ಚಲು ಇನ್ನು ಬಟ್ಟೆ ಉಳಿದಿರಲಿಲ್ಲ.

ಹೆಂಗಸರ ಸಾಲಿನಲ್ಲಿ ಜುಬೇದಾಬೀ, ಪಕ್ಕದಲ್ಲಿ ಮಾರೆವ್ವ. ಮೂರನೇ ನುಡಿಗೆ ಪದ ನಿಂತಿತು. ನಿಂತ ಆ ಜಾಗದಲ್ಲಿ ಜುಬೇದಾಬೀ ಸಣ್ಣ ದನಿಯಲ್ಲಿ ಎತ್ತಿದಳು. ಅರಿವಿ ಹೊಲಿಯುವ ಕೈಲಿ, ಅಳುವ ಪದವ ಹೊಲಿದಾನ, ಇರಕಲ್ಲಗಡದ ನಮ್ಮ...

ರೂಢಿಯಂತೆ ನಿಂತಳು. ಯಾರೂ ಕೂಗಲಿಲ್ಲ. ಆಂಜನೇಯನಿಗೆ ಅಷ್ಟು ದೂರ ಕೇಳುವ ದನಿಯಲ್ಲ ಅದು.

"ನಮಗಾದ್ರ ಒಡಪು ಐತಿ," ಮಾರೆವ್ವ ಪಿಸುಗುಟ್ಟಿದಳು. "ಒಡಪಿನಾಗ ಇಟ್ಟು ಗಂಡನ ಹೆಸರು ಹೇಳಿಬಿಡ್ತೀವಿ. ನಿನಗ ಅದೂ ಇಲ್ಲ."

"ಇದ ನನ್ನ ಒಡಪು ಆಗಿತ್ತವ್ವ. ಹುಡುಗರು ನನ್ನ ಪರವಾಗಿ ಹೇಳ್ತಿದ್ರು."

"ಹಂಗಾರ ನಾನು ಹೇಳ್ಲೇನು?"

"ಬ್ಯಾಡ." ಜುಬೇದಾಬೀ ಸೆರಗು ಸರಿಮಾಡಿಕೊಂಡಳು. "ಸವೆಯಾಕ ಅವರ ಆಯುಷ್ಯ ಎಲ್ಲಿ ಉಳದೈತಿ ಇನ್ನ."

ಹೇಳಿದಳು. ಅಡಿಗೆಮನೆಯಿಂದ ಹೊರಗೆ ಕುಳಿತ ಗಂಡನನ್ನು ಊಟಕ್ಕೆ ಕರೆದ ಹಾಗೆ, ಮೆಲ್ಲಗೆ. ಅಷ್ಟರಲ್ಲಿ ಸ್ಪೀಕರಿನಲ್ಲಿ ಮುಂದಿನ ಪದದ ಡ್ರಮ್ಮು ಹೊಡೆಯಿತು.

ಮಾರೆವ್ವ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು. "ಏನಂದಿ? ಕೇಳಲಿಲ್ಲ. ಇನ್ನೊಮ್ಮೆ ಅನ್ನು."

ಜುಬೇದಾಬೀ ಇಲ್ಲವೆಂದು ತಲೆಯಾಡಿಸಿದಳು.